ಒಳಕಿಂಡಿಯಿರುವ ಪೆಟ್ಟಿಗೆ

ನ್ಯಾಯಾಲಯದ ನಕಲು ವಿಭಾಗದಲ್ಲಿ ತಾಳೆರಾಯನಂಥ ಗುಮಾಸ್ತ ಹಿಂದೆ ಹುಟ್ಟಿರಲಿಲ್ಲ; ಮುಂದೆ ಹುಟ್ಟಲು ಅವನೇ ಬಿಡುವುದಿಲ್ಲ. ಅಲ್ಲಿಯ ಕೆಲಸ ಇಷ್ಟೇ: ಅಸಲು ಕಾಗದವನ್ನು ಒಬ್ಬ ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ನಕಲಿನ ಮೇಲೆ ಬೆರಳಿಟ್ಟು ಹಿಂಬಾಲಿಸಬೇಕು. ಎರಡೂ ಅಕ್ಷರಕ್ಕೆ ಅಕ್ಷರ ಒಂದೇ ಆದರೆ ಮೊಹರು, ಇಲ್ಲದಿದ್ದರೆ ಹರಿದು ಬುಟ್ಟಿಗೆ. ಇದಕ್ಕೆ ತಾಳೆ ನೋಡುವುದು ಎನ್ನುತ್ತಾರೆ. ಇವನು ನೋಡಿದ ತಾಳೆ ಎಂಥದೆಂದರೆ, ಅಸಲಿನ ಮೇಲೆ ಯಾರೋ ಕಾಫಿ ಲೋಟ ಇಟ್ಟು ಉಂಗುರ ಬಿದ್ದಿತ್ತೆಂದು, ಆ ಉಂಗುರ ನಕಲಿನಲ್ಲಿ ಯಾಕಿಲ್ಲವೆಂದು ಟೈಪಿಸ್ಟಳಿಂದ ವಿವರಣೆ ಕೇಳಿದವನು. ಅವಳಿ ಮಕ್ಕಳನ್ನು ಕಂಡರೆ ಅವನಿಗೆ ಕಸಿವಿಸಿ. ಇವರಲ್ಲಿ ಅಸಲು ಯಾವುದು ಎಂದು ಹೆತ್ತ ತಾಯಿಯನ್ನೇ ಕೇಳಿ ಆಸ್ಪತ್ರೆಯಿಂದ ಹೊರಹಾಕಿಸಿಕೊಂಡದ್ದೂ ಉಂಟು. ತಂದೆತಾಯಿ ಇಟ್ಟ ಹೆಸರು ಅವನ ಸಂಬಳದ ಚೀಟಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ.

ಇಂಥವನ ಮನೆಯಲ್ಲಿ ಒಂದು ಟೇಪು ಯಂತ್ರವಿತ್ತು. ಅದು ಹೆಂಡತಿಯ ತಂದೆ, ತೀರಿಹೋದ ಮಾವನದು; ಅತ್ತೆಯ ಜೊತೆ ಈ ಮನೆಗೆ ಬಂದದ್ದು. ಮಾವ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡುತ್ತಿದ್ದವರು. ಊರಿನ ಗಂಟಲುಗಳೆಲ್ಲ ಅವರ ಮೈಕಿನ ಮುಂದೆ ಹಾದುಹೋಗಿದ್ದವು. ಕೊನೆಗಾಲದಲ್ಲಿ ಅವರು ಅತ್ತೆಯನ್ನು ಕರೆದು, ಆ ಯಂತ್ರದೊಳಗಿನ ಟೇಪಿನಲ್ಲಿ ನಿನಗೊಂದು ಇಟ್ಟಿದ್ದೇನೆ, ಪುರುಸೊತ್ತಾದಾಗ ಕೇಳು ಎಂದಿದ್ದರು. ಅತ್ತೆಗೆ ಪುರುಸೊತ್ತಾಗುವ ಮೊದಲೇ ಹಿರಿಯಳಿಯ, ಅಂದರೆ ತಾಳೆರಾಯನ ಷಡ್ಡಕ, ಯಂತ್ರವನ್ನು ರಿಪೇರಿ ಮಾಡುತ್ತೇನೆಂದು ಕೂತು, ಸ್ಪೀಕರಿನ ಕಿಂಡಿ, ಹೆಡ್‌ಫೋನಿನ ಕಿಂಡಿ ಎರಡನ್ನೂ ಸುಟ್ಟು, ಈಗ ಹೊಗೆ ನಿಂತಿದೆ ಎಂದು ಹೇಳಿ ಎದ್ದುಹೋದ. ಅಂದಿನಿಂದ ಯಂತ್ರ ಮೂಕ. ಟೇಪು ತಿರುಗುತ್ತದೆ, ದೀಪ ಕುಣಿಯುತ್ತದೆ, ಸದ್ದಿಲ್ಲ. ಬೆನ್ನ ಮೇಲೆ ಒಂದೇ ಒಂದು ದುಂಡನೆಯ ಡಿಜಿಟಲ್ ಕಿಂಡಿ ಬದುಕಿದೆ, ಅದರಿಂದ ಸದ್ದು ಬರಿ ಅಂಕಿಗಳಾಗಿ ಹೊರಬೀಳುತ್ತದೆ, ಆ ಅಂಕಿಗಳನ್ನು ಒಳಗೆ ತೆಗೆದುಕೊಳ್ಳುವ ಇಂಟರ್‌ಫೇಸ್ ಪೆಟ್ಟಿಗೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಕೇಳಬಹುದು ಎಂದು ರಿಪೇರಿಯವನು ಹೇಳಿದ್ದ. ಇದನ್ನು ಕೇಳಿ ಎಲ್ಲರೂ ತಲೆಯಾಡಿಸಿ ಯಂತ್ರದ ಮೇಲೆ ಬಟ್ಟೆ ಹೊದಿಸಿದ್ದರು.

ಈಗ ಷಡ್ಡಕ ಊಟಕ್ಕೆ ಬಂದು, ಭಾನುವಾರ ಅತ್ತೆಯನ್ನು ತನ್ನ ಮನೆಗೆ ಕರೆದೊಯ್ಯುವುದಾಗಿ ಸಾರಿದ. ಅವನ ಮನೆ ದೊಡ್ಡದು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹಸಿವಾಗುತ್ತದೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಯಂತ್ರವನ್ನೂ ಒಯ್ಯುತ್ತೇನೆ, ಹಳೇ ಯಂತ್ರಗಳನ್ನು ಗೋಡೆಗೆ ಅಲಂಕಾರವಾಗಿ ನೇತುಹಾಕುವ ಗೆಳೆಯನೊಬ್ಬ ಕೇಳಿದ್ದಾನೆ ಎಂದೂ ಸೇರಿಸಿದ.

ಅತ್ತೆ ತಟ್ಟೆ ಸರಿಸಿದರು. "ಅದರಲ್ಲಿರೋದನ್ನ ಕೇಳೋವರೆಗೂ ನಾನೂ ಬರಲ್ಲ, ಅದೂ ಬರಲ್ಲ."

"ಮೂಕ ಯಂತ್ರ ಅತ್ತೆ. ಏನು ಕೇಳ್ತೀರಿ?" ಎಂದ ಷಡ್ಡಕ. "ಭಾನುವಾರ ಗೆಳೆಯನಿಗೆ ಕೊಡೋದು ಅಂತ ಆಗಿದೆ."

ಆಗ ತಾಳೆರಾಯನ ಬಾಯಿ, ಅವನನ್ನೊಂದು ಮಾತೂ ಕೇಳದೆ, ತೆರೆದುಕೊಂಡಿತು. "ನಕಲು ಅಂದ್ರೆ ನನ್ನ ಕೆಲಸ. ಭಾನುವಾರದೊಳಗೆ ಒಂದು ಉಸಿರೂ ಹೆಚ್ಚುಕಮ್ಮಿ ಆಗದ ಹಾಗೆ ನಿಮಗೆ ಕೇಳಿಸ್ತೀನಿ ಅತ್ತೆ."

ಮದುವೆಯಾದಾಗಿನಿಂದ ಅತ್ತೆ ಈ ಅಳಿಯನನ್ನು ಬಾಗಿಲ ಪಕ್ಕದ ಕೊಡೆಯಂತೆ ಕಂಡವರು. ಇದೆ ಎಂದು ಗೊತ್ತು, ಬೇಕಾದಾಗ ನೋಡಿದರಾಯಿತು. ಅಂದು ಅವರು ಅವನನ್ನು ನೆಟ್ಟ ದೃಷ್ಟಿಯಿಂದ ನೋಡಿದರು. ತಾಳೆರಾಯನ ಎದೆ ಅಂಗಿಯ ಗುಂಡಿಯನ್ನು ಹಾರಿಸಿ ಸಾರಿನ ಪಾತ್ರೆಗೆ ಬೀಳಿಸಿತು.

ಮರುದಿನ ಅವನು ಕಚೇರಿ ಮುಗಿಸಿ ಸಂಗೀತ ಸಾಮಾನಿನ ಅಂಗಡಿಗೆ ಹೋದ. ಜುಟ್ಟು ಕಟ್ಟಿದ ಸೇಲ್ಸ್‌ಮನ್, ನೀವು ಹಾಡುವವರೋ ನುಡಿಸುವವರೋ ಎಂದು ಕೇಳಿದ. ಎರಡೂ ಅಲ್ಲ, ನಕಲು ಮಾಡುವವನು ಎಂದ ತಾಳೆರಾಯ. ಈಗ ಎಲ್ಲರೂ ಮಾಡೋದು ಅದನ್ನೇ ಸಾರ್, ಸಂಕೋಚ ಬೇಡಿ ಎಂದು ಜುಟ್ಟು ಸಮಾಧಾನ ಹೇಳಿ, ಅಗ್ಗದ ಪೆಟ್ಟಿಗೆಯೊಂದನ್ನು ಮುಂದಿಟ್ಟ. ಅದರಲ್ಲಿ ಮೈಕಿಗೆ ಕಿಂಡಿಯಿತ್ತು, ಗಿಟಾರಿಗೆ ಕಿಂಡಿಯಿತ್ತು, ಹಿಂದುಗಡೆ ಡಿಜಿಟಲ್ ಕಿಂಡಿಯೂ ಕೆಂಪಗೆ ಉರಿಯುತ್ತಿತ್ತು. ತಾಳೆರಾಯ ಪರ್ಸಿಗೆ ಕೈಹಾಕಿದ.

"ಅದು ಹೊರಗೆ ಹೋಗೋದು ಸಾರ್," ಎಂದ ಜುಟ್ಟು. "ಒಳಗೆ ಬರೋದು ಬೇಕಂದ್ರೆ ಮೇಲಿನ ಷೆಲ್ಫು."

ಮೇಲಿನ ಷೆಲ್ಫಿಗೆ ಏಣಿ ಬೇಕಿತ್ತು. ಏಣಿ ಹತ್ತಿ ಬೆಲೆಯ ಚೀಟಿ ಓದಿದ ತಾಳೆರಾಯ ತುಂಬ ಹೊತ್ತು ಕೆಳಗಿಳಿಯಲಿಲ್ಲ. ಆ ಬೆಲೆಗೆ ಅವನ ಕಚೇರಿಯನ್ನು ಕೊಂಡು, ಮೇಲಧಿಕಾರಿಯನ್ನು ಕೆಲಸಕ್ಕಿಟ್ಟುಕೊಂಡು, ಮಿಕ್ಕ ಹಣದಲ್ಲಿ ಕುರ್ಚಿಗಳಿಗೆ ಹೊಸ ಮೆತ್ತೆ ಹಾಕಿಸಬಹುದಿತ್ತು.

ಅಲ್ಲಿಂದ ಶುರುವಾದ ಹುಡುಕಾಟವನ್ನು ಪೂರ್ತಿ ಹೇಳಿದರೆ ಕೇಳುವವರಿಗೆ ಮೊಮ್ಮಕ್ಕಳಾಗುತ್ತವೆ. ಎರಡನೆಯ ಅಂಗಡಿಯಲ್ಲಿ ಒಳಗೆ ಬರುವ ಕಿಂಡಿಯೇ ಇತ್ತು, ಬೆಲೆಯೂ ಕೈಗೆಟುಕುವಂತಿತ್ತು. ಆದರೆ ಕಿಂಡಿ ಚೌಕ, ಬೆಳಕಿನಿಂದ ಕೆಲಸ ಮಾಡುವಂಥದು. ಯಂತ್ರದ್ದು ದುಂಡಗೆ, ತಂತಿಯದು. ಬೆಳಕನ್ನು ತಂತಿಗೆ ತಿರುಗಿಸುವ ಪುಟ್ಟ ಡಬ್ಬಿ ಆ ಅಂಗಡಿಯಲ್ಲಿ ಬುಟ್ಟಿಗಟ್ಟಲೆ ಬಿದ್ದಿತ್ತು, ತಂತಿಯನ್ನು ಬೆಳಕಿಗೆ ತಿರುಗಿಸುವುದು ಮಾತ್ರ ಮುಗಿದುಹೋಗಿತ್ತು. ಡಬ್ಬಿಯನ್ನು ಹಿಂದುಮುಂದಾಗಿ ಸಿಕ್ಕಿಸಿದರೆ ಆಗುವುದಿಲ್ಲವೇ ಎಂದು ತಾಳೆರಾಯ ಕೇಳಿದ್ದಕ್ಕೆ ಅಂಗಡಿಯವನು ದೀಪ ಆರಿಸಿ ಷಟರ್ ಎಳೆದ. ಹಳೇ ಸಾಮಾನಿನ ಸಂತೆಯಲ್ಲಿ ದುಂಡನೆಯ ಒಳಕಿಂಡಿಯೇ ಸಿಕ್ಕಿತು. ಅದರ ಇನ್ನೊಂದು ತುದಿ ಹೊಂದುವಂಥ ಕಂಪ್ಯೂಟರನ್ನು ಹುಡುಕುವುದಾದರೆ ನೆಲ ಅಗೆಯಬೇಕಿತ್ತು.

ಮನೆಗೆ ಬಂದು ಅವನು ಹೆಂಡತಿಯ ಮುಂದೆ, ಈ ಲೋಕದಲ್ಲಿ ಯಾವ ಪೆಟ್ಟಿಗೆ ನೋಡಿದರೂ ಹೊರಗೆ ಹಾಕುತ್ತದೆಯೇ ಹೊರತು ಒಳಗೆ ತೆಗೆದುಕೊಳ್ಳುವುದಿಲ್ಲ ಎಂದು ಗೋಳಾಡಿದ. ನಾನು ಹೇಳಿದ್ದನ್ನು ನೀವು ಒಳಗೆ ತೆಗೆದುಕೊಂಡ ದಿನ ಆ ವಿಷಯ ಮಾತಾಡೋಣ, ಮೊದಲು ಕೈಕಾಲು ತೊಳೆಯಿರಿ ಎಂದಳು ಅವಳು.

ಶುಕ್ರವಾರ ಬೆಳಿಗ್ಗೆ ಕತ್ತಿಗೆ ತಂತಿಯ ಸುರುಳಿ ಹಾಕಿಕೊಂಡು ಮೆಟ್ಟಿಲಿಳಿಯುವಾಗ ಕಾರ್ಯದರ್ಶಿ ಎದುರಾದರು. ಈ ಕಟ್ಟಡದ ನಿವಾಸಿಗಳ ಸಂಘಕ್ಕೆ ಅವರೇ ಕಾರ್ಯದರ್ಶಿ, ಅವರೇ ಖಜಾಂಚಿ. ವಿರೋಧ ಪಕ್ಷದವರೂ ಅವರ ಹೆಂಡತಿಯೇ. ಸಂಘದ ಹಣದಲ್ಲಿ ಅವರು ಹಾಕಿಸಿದ ನೀರಿನ ಪಂಪು ನೀರೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಮೇಲೆತ್ತುತ್ತಿತ್ತು: ಧೂಳು, ಸದ್ದು, ಜನರ ರಕ್ತದೊತ್ತಡ. ವಾರ್ಷಿಕ ಸಭೆಯಲ್ಲಿ ಪೆಟ್ಟಿಗೆಯೊಂದಕ್ಕೆ ಮೈಕು ಸಿಕ್ಕಿಸಿ, ಅದರ ಮುಂದೆ ನಿಂತು, ಪಂಪಿನ ಕಂಪನಿ ನನ್ನ ಭಾಮೈದನದಲ್ಲ ಎಂದು ಅವರು ಗಂಟಲು ಬಿರಿಯುವಂತೆ ಭಾಷಣ ಮಾಡಿದ್ದರು.

ಏನು ಹುಡುಕಾಟ ಎಂದು ಅವರು ಕೇಳಿದರು. ಸೆಕೆಂಡ್‌ಹ್ಯಾಂಡ್ ಪೆಟ್ಟಿಗೆ ಸಿಗದೆ ಅಲೆಯುತ್ತಿದ್ದೇನೆ ಎನ್ನಲು ತಾಳೆರಾಯನಿಗೆ ನಾಲಿಗೆ ಬರಲಿಲ್ಲ. ಕಚೇರಿಯ ಗತ್ತು ತಂದುಕೊಂಡ.

"ಒಂದು ಧ್ವನಿಯ ದೃಢೀಕೃತ ನಕಲು ತೆಗೆಯಬೇಕಾಗಿದೆ. ಭಾನುವಾರ ಗಡುವು. ಇದಕ್ಕಿಂತ ಹೆಚ್ಚು ಹೇಳುವ ಹಾಗಿಲ್ಲ," ಎಂದವನು, ಎರಡು ಮೆಟ್ಟಿಲು ಇಳಿದು ತಿರುಗಿ, "ಅಂದಹಾಗೆ, ಸಭೆಯಲ್ಲಿ ನೀವು ಮೈಕು ಸಿಕ್ಕಿಸಿದ್ರಲ್ಲ, ಆ ಪೆಟ್ಟಿಗೆ ಈಗ ಎಲ್ಲಿದೆ?" ಎಂದ.

ಕಾರ್ಯದರ್ಶಿ ಕಟಕಟೆಯಲ್ಲಿ ನಿಂತವರಂತೆ ಕೈಗಂಬಿ ಹಿಡಿದುಕೊಂಡರು. ಕೇಳಿದವನು ನ್ಯಾಯಾಲಯದವನು. ಕೇಳಿದ್ದು ತಮ್ಮ ಮೈಕಿನ ಪೆಟ್ಟಿಗೆ. ಉಳಿದದ್ದನ್ನು ಅವರ ಮನಸ್ಸಾಕ್ಷಿ ತಾನಾಗಿಯೇ ಬರೆದುಕೊಂಡಿತು. ಉತ್ತರ ಬರದ್ದರಿಂದ ತಾಳೆರಾಯ, ಪಾಪ ಕಿವಿ ಮಂದ ಎಂದುಕೊಂಡು ಬಸ್ಸು ಹಿಡಿದ.

ಕಾರ್ಯದರ್ಶಿ ಹೆಂಡತಿಗೆ ಹೇಳಿದರು. ಅವರ ಹೆಂಡತಿ ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟು, ಆ ಮಾತನ್ನು ಉಳಿಸಿಕೊಳ್ಳಲು ಮೊದಲನೆಯ ಮಹಡಿಯವರೆಗೂ ಶಕ್ತಿಮೀರಿ ಪ್ರಯತ್ನಪಟ್ಟರು. ಮಧ್ಯಾಹ್ನದ ಹೊತ್ತಿಗೆ, ತಾಳೆರಾಯನ ಮನೆಯಲ್ಲಿ ನ್ಯಾಯಾಲಯವು ಗೋಡೆಗಳ ಮೂಲಕ ಕೇಳಿಸಿಕೊಳ್ಳುವ ಯಂತ್ರ ಇಟ್ಟಿದೆ, ಯಾರ ಮನೆಯಲ್ಲಿ ಯಾರು ಏನಂದರೂ ಉಸಿರೂ ಬಿಡದಂತೆ ನಕಲಾಗುತ್ತಿದೆ ಎಂಬುದು ಇಡೀ ಕಟ್ಟಡಕ್ಕೆ ಗೊತ್ತಾಯಿತು.

ಆ ಕಟ್ಟಡದ ಮೇಲೆ ಇಳಿದ ಸಜ್ಜನಿಕೆಯನ್ನು ಕಂಡಿದ್ದರೆ ಸಂತರೂ ಬೆಚ್ಚುತ್ತಿದ್ದರು. ತಾಳೆರಾಯನ ತಲೆಯ ಮೇಲಿನ ಮನೆಯಲ್ಲಿ ಕನ್ನಡಕದಂಗಡಿಯವನೂ ಅವನ ಹೆಂಡತಿಯೂ ಇದ್ದರು. ಸೌಟು ಗೋಡೆಗೆ ಬಡಿಯದೆ ಅವರ ಮನೆಯಲ್ಲಿ ಒಲೆ ಹತ್ತಿದ್ದಿಲ್ಲ. ಶನಿವಾರ ಬೆಳಿಗ್ಗೆ ಅಲ್ಲಿಂದ ಗಟ್ಟಿಯಾಗಿ, ನೆಲದ ಕಡೆಗೆ ಬಾಯಿ ಮಾಡಿದಂತೆ, ಒಂದು ಗಂಡುದನಿ ಕೇಳಿತು: "ಪ್ರಿಯೆ, ದಯವಿಟ್ಟು ಆ ಸೌಟನ್ನು ಇತ್ತ ನೀಡುವೆಯಾ?" ಹೆಣ್ಣುದನಿ ಅಷ್ಟೇ ಗಟ್ಟಿಯಾಗಿ, "ಅವಶ್ಯವಾಗಿ. ನಿಮ್ಮ ತಾಯಿಯವರು ಇನ್ನೂ ಕೆಲವು ತಿಂಗಳು ನಮ್ಮೊಡನೆಯೇ ಇರಲೆಂದು ನನ್ನ ಹಂಬಲ," ಎಂದಿತು. ಆಮೇಲೆ ಯಾರೋ ಕೆಮ್ಮಿದರು. ಎದುರು ಮನೆಯ ವಿಮಾ ಏಜೆಂಟನು ಎಂದೂ ತಾನಿರುವ ಊರಿನಲ್ಲಿ ಇದ್ದೇನೆಂದು ಫೋನಿನಲ್ಲಿ ಒಪ್ಪಿಕೊಂಡವನಲ್ಲ. ಅಂದು ಗಿರಾಕಿಗಳಿಗೆಲ್ಲ ಮನೆಯಲ್ಲೇ ಇದ್ದೇನೆ ಎಂದು ನಿಜ ಹೇಳಿ, ಸಂಜೆಯೊಳಗೆ ಅರ್ಧ ವ್ಯಾಪಾರ ಕಳೆದುಕೊಂಡ.

ತಾಳೆರಾಯನ ಹೆಂಡತಿ, ಕಟ್ಟಡದಲ್ಲಿ ಏನೋ ಸಾಂಕ್ರಾಮಿಕ ಹರಡಿರಬೇಕು, ಯಾರೂ ಜಗಳವನ್ನೇ ಆಡುತ್ತಿಲ್ಲ ಎಂದು ಗಾಬರಿಪಟ್ಟಳು. ಮೇಲಿನ ಮನೆಯ ಜಗಳವನ್ನು ರೇಡಿಯೋ ಧಾರಾವಾಹಿಯಂತೆ ಅನುಭವಿಸುತ್ತಿದ್ದ ಅತ್ತೆ ಬೇಸರದಿಂದ ಮಲಗಿದರು. ತಾಳೆರಾಯನಿಗೆ ಇದಾವುದೂ ಕಾಣಲಿಲ್ಲ. ಮಾತು ಕೊಟ್ಟಾಗಿದೆ, ಪೆಟ್ಟಿಗೆ ಸಿಕ್ಕಿಲ್ಲ, ನಾಳೆ ಭಾನುವಾರ. ಅತ್ತೆ ಹೊರಡುವ ಮುನ್ನ ಮತ್ತೆ ತನ್ನನ್ನು ಕೊಡೆಯಂತೆ ನೋಡುತ್ತಾರೆ, ಈ ಸಲ ಮುರಿದ ಕೊಡೆಯಂತೆ.

ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಕಾರ್ಯದರ್ಶಿ ನಿಂತಿದ್ದರು, ಕಂಕುಳಲ್ಲಿ ಹಾಸಿಗೆಯ ಹೊದಿಕೆಯಲ್ಲಿ ಸುತ್ತಿದ ಗಂಟು.

"ಸಭೆಯ ಪೆಟ್ಟಿಗೆ," ಎಂದರು ಪಿಸುದನಿಯಲ್ಲಿ. "ನಿಮ್ಮ ಹತ್ರಾನೇ ಇರ್ಲಿ ರಾಯರೇ."

ತಾಳೆರಾಯ ಹೊದಿಕೆ ಬಿಚ್ಚಿದ. ಪರರ ಹಣದಲ್ಲಿ ಕೊಂಡ ವಸ್ತುವಿನ ವೈಭವವೇ ಬೇರೆ. ಒಂದು ಮೈಕಿನ ಭಾಷಣಕ್ಕೆಂದು ತಂದ ಆ ಪೆಟ್ಟಿಗೆಗೆ ಜೇನುಗೂಡಿಗಿರುವುದಕ್ಕಿಂತ ಹೆಚ್ಚು ಕಿಂಡಿಗಳಿದ್ದವು. ದುಂಡನೆಯದು, ಚೌಕನೆಯದು, ಹೊರಗೆ ಹೋಗುವುದು. ಮೂಲೆಯಲ್ಲಿ, ರಕ್ಷಣೆಯ ಟೋಪಿಯನ್ನೂ ತೆಗೆಯದೆ, ದುಂಡನೆಯ ಒಳಕಿಂಡಿ. ತಾಳೆರಾಯನ ಕಣ್ಣು ಒದ್ದೆಯಾಯಿತು.

"ಸೋಮವಾರ ವಾಪಸ್ ತಂದುಕೊಡ್ತೀನಿ," ಎಂದ.

"ಬೇಡ."

"ಪಡೆದುಕೊಂಡಿದ್ದೀನಿ ಅಂತ ಬರೆದಾದ್ರೂ ಕೊಡ್ತೀನಿ. ಸಂಘದ ಸ್ವತ್ತು ನೋಡಿ."

ಕಾರ್ಯದರ್ಶಿ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಬರೆಯೋದೊಂದು ಬೇಡಿ. ಪಂಪು ಸೋಮವಾರ ಬದಲಾಯಿಸ್ತೀನಿ. ನನ್ನ ಕೈಯಿಂದಲೇ."

ಪೆಟ್ಟಿಗೆಗೂ ಪಂಪಿಗೂ ಏನು ಸಂಬಂಧವೆಂದು ತಾಳೆರಾಯನಿಗೆ ಹೊಳೆಯಲಿಲ್ಲ. ಎರಡೂ ಒಂದೇ ಲೈನಿನ ಕರೆಂಟು ಇರಬೇಕು ಎಂದುಕೊಂಡ. ಕೃತಜ್ಞತೆಯಿಂದ ಅವರ ಕೈ ಹಿಡಿದು, ನಿಮ್ಮ ಉಪಕಾರವನ್ನು ಎಲ್ಲಿ ಹೇಳಬೇಕೋ ಅಲ್ಲಿ ಹೇಳುತ್ತೇನೆ ಎಂದ. ಕಾರ್ಯದರ್ಶಿಯನ್ನು ಅವರ ಹೆಂಡತಿ ಬಂದು ಎಬ್ಬಿಸಿಕೊಂಡು ಹೋಗಬೇಕಾಯಿತು.

ಭಾನುವಾರ ಷಡ್ಡಕ ಬೆಳಿಗ್ಗೆಯೇ ಕಾರು ತಂದು ನಿಲ್ಲಿಸಿದ. ಅತ್ತೆಯ ಸೂಟ್‌ಕೇಸು ಬಾಗಿಲ ಬಳಿ ಬಂತು. ಬಾಗಿಲಾಚೆ ಮೆಟ್ಟಿಲ ತುಂಬ ಕಟ್ಟಡಕ್ಕೆ ಕಟ್ಟಡವೇ ನಿಂತಿತ್ತು. ಇಂದು ಗಡುವು, ಇಂದು ಎಲ್ಲರ ಬಣ್ಣವೂ ಬಯಲು, ಬಂದು ಕೇಳದಿದ್ದರೆ ಪಕ್ಕದ ಮನೆಯವರು ಕೇಳಿಬಿಡುತ್ತಾರೆ. ಇಷ್ಟು ಜನ ಅತ್ತೆಯನ್ನು ಬೀಳ್ಕೊಡಲು ಬಂದರಲ್ಲ ಎಂದು ತಾಳೆರಾಯ ಎಲ್ಲರಿಗೂ ಕೈಮುಗಿದ. ಅವರೂ ತಪ್ಪೊಪ್ಪಿಕೊಳ್ಳುವವರಂತೆ ಕೈ ಮುಗಿದರು.

ತಂತಿ ಸಿಕ್ಕಿಸಿದ. ಯಂತ್ರ ತಿರುಗಿತು. ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಗೆರೆ ಒಮ್ಮೆ ಕುಪ್ಪಳಿಸಿತು. ಒಳಗಿನಿಂದ ಏನೋ ಬರುತ್ತಿತ್ತು. ಅತ್ತೆ ಕುರ್ಚಿ ಮುಂದಕ್ಕೆಳೆದುಕೊಂಡು, ಸದ್ದು ಕೊಡಿ ಎಂದರು. ತಾಳೆರಾಯ ಸ್ಪೀಕರಿನ ತಂತಿಯನ್ನು ಜೇಬಿನಲ್ಲಿಟ್ಟುಕೊಂಡಿದ್ದ. ತಾಳೆ ನೋಡದ ನಕಲನ್ನು ಕಕ್ಷಿದಾರರಿಗೆ ತೋರಿಸುವಂತಿಲ್ಲ, ಮೊದಲು ಪೂರ್ತಿ ಇಳಿಯಲಿ ಎಂದ. ಟೇಪು ಮುಗಿಯುವ ತನಕ ಅಷ್ಟು ಜನ ಒಂದು ಹಸಿರು ಗೆರೆ ಕುಣಿಯುವುದನ್ನು ಮದುವೆಮನೆಯ ಶ್ರದ್ಧೆಯಿಂದ ನೋಡಿದರು. ಷಡ್ಡಕ ನಡುವೆ ಗಡಿಯಾರವನ್ನು ನೋಡಿದ, ಕೊನೆಗೆ ಗಡಿಯಾರವೇ ಅವನನ್ನು ನೋಡಿತು.

"ಇಳೀತಲ್ಲ," ಎಂದರು ಅತ್ತೆ. "ಇನ್ನು ಹಾಕಿ."

"ತಾಳೆ ನೋಡದೆ ಹೇಗೆ ಹಾಕೋದು ಅತ್ತೆ?" ಎಂದು ತಾಳೆರಾಯ ಟೇಪನ್ನು ಹಿಂದಕ್ಕೆ ಸುತ್ತಿ, ಅಸಲನ್ನು ಮತ್ತೊಮ್ಮೆ ಓಡಿಸಿದ. ಒಂದು ಕಡೆ ಅಸಲು, ಒಂದು ಕಡೆ ನಕಲು, ನಡುವೆ ತನ್ನ ಬೆರಳು. ಜೀವಮಾನವೆಲ್ಲ ಹೀಗೇ ಮಾಡಿದವನು.

ವರ್ಷಾನುಗಟ್ಟಲೆ ಬಟ್ಟೆ ಹೊದ್ದು ಮಲಗಿದ್ದ ಯಂತ್ರ, ಒಂದೇ ದಿನ ಎರಡು ಸಲ ದುಡಿಯುವ ಕರಾರಿಗೆ ಸಹಿ ಹಾಕಿರಲಿಲ್ಲ. ಅದು ಬಿಕ್ಕಿತು, ಒಮ್ಮೆ ಹಲ್ಲು ಕಡಿಯಿತು, ಆಮೇಲೆ ಟೇಪನ್ನು ಎಳೆಎಳೆಯಾಗಿ ನುಂಗಿ ಮುಂಬಾಗಿಲಿನಿಂದ ಕಂದು ಕೂದಲಿನ ಉಂಡೆಯೊಂದನ್ನು ಹೊರಕ್ಕೆ ಉಗುಳಿತು.

ಷಡ್ಡಕ ಬಗ್ಗಿ ನೋಡಿ, "ಅಸಲು ಹೋಯ್ತು. ಆ ನಕಲಿಗೆ ಇನ್ನೇನು ಬೆಲೆ ರಾಯರೇ? ಸರಿ ಅಂತ ನೀವೇ ಹೇಳೋ ಹಾಗಿಲ್ಲ," ಎಂದ.

ಮಾತು ಎಷ್ಟು ನಿಜವೆಂದರೆ ತಾಳೆರಾಯನ ಮುಖ ಖಾಲಿ ಕಾಗದವಾಯಿತು. ಅಸಲಿಲ್ಲದ ನಕಲನ್ನು ನಾಶಪಡಿಸತಕ್ಕದ್ದು ಎಂಬುದು ವಿಭಾಗದ ನಿಯಮ. ಅದನ್ನು ಅವನು ಒಮ್ಮೆಯೂ ಮೀರಿದವನಲ್ಲ. ಅವನ ಕೈ, ಯಾರ ಕೈಯೋ ಎಂಬಂತೆ ಎದ್ದು, ಅಳಿಸುವ ಗುಂಡಿಯ ಕಡೆಗೆ ನಡೆಯಿತು. ಹೆಂಡತಿ "ರೀ" ಎಂದಳು. ಕೈ ನಿಲ್ಲಲಿಲ್ಲ.

ಅತ್ತೆ ಅವನ ಮಣಿಕಟ್ಟು ಹಿಡಿದರು. "ಅಳಿಯಂದ್ರೇ, ಕೈ ತೆಗೀರಿ ಅದರ ಮೇಲಿಂದ. ಜೇಬಲ್ಲಿರೋ ತಂತಿ ಕೊಡಿ ಇಲ್ಲಿ."

ಸ್ಪೀಕರು ಬಾಯಿಬಿಟ್ಟಿತು. ಮೊದಲು ಪಾತ್ರೆಯೊಂದು ಬಿದ್ದ ಸದ್ದು, ಅದರ ಹಿಂದೆಯೇ ಒಂದು ಹೆಣ್ಣುದನಿ. ಅಡುಗೆಮನೆಯ ಉದ್ದಕ್ಕೂ ತಂತಿ ಎಳೆದದ್ದು, ಇದ್ದ ಸಂಬಳವನ್ನೆಲ್ಲ ಹಾಳು ಡಬ್ಬಿಗೆ ಸುರಿದದ್ದು, ನಲ್ಲಿ ತೊಟ್ಟಿಕ್ಕುತ್ತಿರುವುದು, ಅತ್ತಿಗೆಯ ಮುಂದೆ ಮರ್ಯಾದೆ ಕಳೆದದ್ದು, ಒಂದರ ಬಾಲಕ್ಕೆ ಒಂದು ಕಟ್ಟಿಕೊಂಡು ಹೊರಟವು. ಉಸಿರೆಳೆದುಕೊಳ್ಳುವ ಸಂದುಗಳಲ್ಲಿ ಒಂದು ಗಂಡುದನಿ, ಶಾಂತವಾಗಿ, "ಹೂಂ" ಎನ್ನುತ್ತಿತ್ತು.

ಮೆಟ್ಟಿಲ ಮೇಲಿದ್ದ ಗಂಡಸರೆಲ್ಲರೂ ತಂತಮ್ಮ ದನಿಯನ್ನು ಗುರುತಿಸಿ ತಲೆ ತಗ್ಗಿಸಿದರು. ಕಾರ್ಯದರ್ಶಿ ಗೋಡೆಗೆ ಮುಖ ಮಾಡಿದರು. ಕನ್ನಡಕದಂಗಡಿಯವನು ಬಿಳಿಚಿಕೊಂಡು ಹೆಂಡತಿಯ ಕಿವಿಯಲ್ಲಿ, "ಇದು ನಾವಲ್ಲ ತಾನೇ?" ಎಂದ.

"ಅಲ್ಲ. ನೀವು ಇಷ್ಟು ಸಲೀಸಾಗಿ ಹೂಂ ಅಂದಿದ್ದು ಯಾವಾಗ?" ಎಂದಳು ಅವಳು.

ಒಳಗೆ, ತಾಳೆರಾಯನ ಕಣ್ಣು ಅತ್ತೆಯ ತುಟಿಗಳ ಮೇಲೆ ನೆಟ್ಟಿತ್ತು. ಅವು ಅಲ್ಲಾಡುತ್ತಿದ್ದವು. ಸ್ಪೀಕರು, "ಒದ್ದೆ ಟವಲ್ಲು ಹಾಸಿಗೆ ಮೇಲೆ ಹಾಕ್ಬೇಡಿ ಅಂತ ಎಷ್ಟು ಸಲ ಬಡ್ಕೊಳ್ಳಲಿ," ಎನ್ನುವುದಕ್ಕೆ ಕೂದಲೆಳೆಯಷ್ಟು ಮುಂಚೆ ಅತ್ತೆಯೂ ಅದನ್ನೇ ಅಂದರು. ನಲ್ಲಿಯ ವಿಷಯ ಅಂದರು, ಸ್ಪೀಕರೂ ಅಂದಿತು. ಅಸಲು ಎದುರಿಗೇ ಕುರ್ಚಿಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಿತ್ತು. ತಾಳೆರಾಯನ ಬೆರಳು ಮೇಜಿನ ಮೇಲೆ ತಾನಾಗಿಯೇ ಸಾಲು ಹಿಂಬಾಲಿಸತೊಡಗಿತು. ಅಕ್ಷರಕ್ಕೆ ಅಕ್ಷರ, ಬೈಗುಳಕ್ಕೆ ಬೈಗುಳ.

"ಸರಿಯಾಗಿದೆ," ಎಂದ ಅವನು ಷಡ್ಡಕನಿಗೆ.

ಅರ್ಧ ದಾರಿಯಲ್ಲಿ ಹೆಣ್ಣುದನಿ ನೀರು ಹಿಡಿಯಲು ಹಿತ್ತಲಿಗೆ ಹೋಯಿತು. ಗಂಡುದನಿ ಮೈಕಿನ ಹತ್ತಿರ ಬಂತು. ಸ್ಟುಡಿಯೋದಲ್ಲಿ ಟೇಪಿಗೆ ಗುರುತು ಹೇಳುವ ವೃತ್ತಿಯ ದನಿ, ಏರಿಲ್ಲ, ಇಳಿವಿಲ್ಲ. "ಧ್ವನಿ, ನನ್ನ ಹೆಂಡತಿಯದು. ಎಲ್ಲೂ ಒಡೆದಿಲ್ಲ, ಎಲ್ಲೂ ನಡುಗಿಲ್ಲ. ಇಷ್ಟು ವರ್ಷದಲ್ಲಿ ನನ್ನ ಕೈಗೆ ಬಂದದ್ದರಲ್ಲಿ ಇದೇ ಒಳ್ಳೆಯದು. ಅಳಿಸಬಾರದು."

ಸ್ಪೀಕರಿನಲ್ಲಿ ಈಗ ದೂರದ ನೀರಿನ ಸದ್ದು ಮಾತ್ರ. ಅತ್ತೆ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು. ಕನ್ನಡಕದಂಗಡಿಯವನು, ಗಾಜಿನ ದೋಷವಲ್ಲ ಎಂದು ಹೇಳಲು ಬಾಯಿ ತೆರೆದು ಹೆಂಡತಿಯ ಮೊಣಕೈ ತಿಂದ.

"ಇದನ್ನ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?" ಎಂದು ಅತ್ತೆ ಕಂಪ್ಯೂಟರಿನ ಮೇಲೆ ಹರಿಹಾಯ್ದರು. "ಎದುರಿಗೇ ಇದ್ನಲ್ಲ. ಟೇಪಿಗೆ ಹೇಳಿ ಇಟ್ಟು ಹೋಗಿದೀರಿ. ನಾನು ಇಷ್ಟು ದಿನ ಕಾಯ್ತಾ ಕೂತಿರ್ಬೇಕಾ?"

"ಹೂಂ," ಎಂದಿತು ಕಂಪ್ಯೂಟರು.

ಮೆಟ್ಟಿಲ ಮೇಲೆ ಯಾರೋ ಮೂಗೆಳೆದುಕೊಂಡರು. ಷಡ್ಡಕ ಗಂಟಲು ಸರಿಮಾಡಿಕೊಂಡು, ಬಿಸಿಲೇರುವುದರೊಳಗೆ ಹೊರಟರೆ ಒಳ್ಳೆಯದೆಂದು ಹೇಳಿ ಸೂಟ್‌ಕೇಸು ಎತ್ತಿದ. ಅತ್ತೆ ಕುರ್ಚಿಯನ್ನು ಸ್ಪೀಕರಿನ ಕಡೆಗೆ ಇನ್ನೊಂದು ಗೇಣು ಎಳೆದುಕೊಂಡರು. ಹಿಂದಿರುಗಿ ನೋಡಲಿಲ್ಲ.

"ಅದನ್ನ ಅಲ್ಲೇ ಇಡಿ," ಎಂದರು. "ನಾನಿನ್ನೂ ಮಾತಾಡಿ ಮುಗಿಸಿಲ್ಲ."